ಯಾರ್ಯಾರೋ ಕೈಯಾಡಿಸಿದ ವಾಲ್ವ್ ರೇಡಿಯೊ: ಗುರುತು ಹಿಡಿದು ಮತ್ತೆ ಹಾಡಿಸುವ ಬಗೆ

ನಮ್ಮ ಸೋದರತ್ತೆಯ ಮನೆ ಮಂಡ್ಯದ ಹತ್ತಿರ ಒಂದು ಹಳ್ಳಿಯಲ್ಲಿದೆ. ಆ ಮನೆಯ ಅಟ್ಟದಲ್ಲಿ ಗೋಣಿಚೀಲ ಮುಚ್ಚಿಕೊಂಡು ಒಂದು ದೊಡ್ಡ ಮರದ ರೇಡಿಯೊ ಕೂತಿತ್ತು. "ತಗೊಂಡೋಗಪ್ಪಾ. ನಿಮ್ಮಾವ ಇದ್ದಾಗ ದಿನಾ ಸಂಜೆ ಹಾಕೋರು. ಆಮೇಲೆ ಹುಡುಗ ಫೋನಿನ ಹಾಡು ಬರ್ಲಿ ಅಂತ ಏನೋ ಮಾಡ್ದ, ನಿಂತೋಯ್ತು" ಅಂದರು ಅತ್ತೆ. ಮೈಸೂರಿಗೆ ತಂದು ಹಿಂದಿನ ಮುಚ್ಚಳ ಬಿಚ್ಚಿದೆ. ಹುಡುಗನಿಗಿಂತ ಮುಂಚೆ ಕಡಿಮೆ ಅಂದರೂ ಇಬ್ಬರು ಅದರೊಳಗೆ ಕೆಲಸ ಮಾಡಿದ್ದರು.

ನಮ್ಮ ಕಡೆ ಸಿಗುವ ವಾಲ್ವ್ ರೇಡಿಯೊಗಳೆಲ್ಲ, ಅಂದರೆ ಟ್ರಾನ್ಸಿಸ್ಟರ್ ಬದಲು ಕಾಯುವ ಗಾಜಿನ ಕೊಳವೆಗಳಿಂದ ನಡೆಯುವ ಹಳೆಯ ಸೆಟ್‌ಗಳೆಲ್ಲ, ಹೆಚ್ಚುಕಮ್ಮಿ ಹೀಗೇ. ಅಸಲಿ ವಾಲ್ವ್ ಸಿಗುತ್ತಿರಲಿಲ್ಲ. ಸಿಕ್ಕಿದರೆ ದುಡ್ಡಿರುತ್ತಿರಲಿಲ್ಲ. ಊರಿನ ಮೆಕ್ಯಾನಿಕ್ ಕೈಗೆ ಏನು ಸಿಕ್ಕಿತೋ ಅದನ್ನು ಹಾಕಿ ರೇಡಿಯೊ ಹಾಡಿಸಿ ಕಳಿಸುತ್ತಿದ್ದರು. ಹಾಗಾಗಿ ರಿಪೇರಿಗೆ ಕೂರುವ ಮುಂಚೆ ಒಂದು ಕೆಲಸ ಇದೆ. ಯಾರು ಏನು ಮಾಡಿದ್ದಾರೆ, ಯಾಕೆ ಮಾಡಿದ್ದಾರೆ ಅಂತ ಓದಿಕೊಳ್ಳಬೇಕು. ಬದಲಾಗಿದ್ದೆಲ್ಲ ಕೆಟ್ಟದ್ದು ಅಂತ ಕಿತ್ತುಹಾಕಿದರೆ ಒಳ್ಳೆಯ ಕೆಲಸವೂ ಹೋಗುತ್ತದೆ. ಹೇಗೂ ನಡೀತಿತ್ತಲ್ಲ ಅಂತ ಹಾಗೇ ಬಿಟ್ಟರೆ ಮನೆಗೆ ಅಪಾಯ. ಈ ಬರಹದಲ್ಲಿ ಅತ್ತೆಯ ರೇಡಿಯೊವನ್ನೇ ಮುಂದಿಟ್ಟುಕೊಂಡು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲನೆಯದು: ಪ್ಲಗ್ ಹಾಕಬೇಡಿ

ಹತ್ತಾರು ವರ್ಷ ಸುಮ್ನೆ ಕೂತ ರೇಡಿಯೊವನ್ನು "ನಡೆಯುತ್ತಾ ನೋಡೋಣ" ಅಂತ ನೇರವಾಗಿ ಕರೆಂಟಿಗೆ ಹಾಕುವುದು ಬಹಳ ಜನ ಮಾಡುವ ತಪ್ಪು. ಒಳಗಿನ ಪೇಪರ್ ಕಂಡೆನ್ಸರ್‌ಗಳು (ಈಗ ಕೆಪಾಸಿಟರ್ ಅನ್ನುತ್ತಾರೆ) ತೇವ ಹೀರಿಕೊಂಡು ಕರೆಂಟ್ ಸೋರಿಸುತ್ತಿರುತ್ತವೆ. ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕಂಡೆನ್ಸರ್ ಒಣಗಿ ಹೋಗಿರುತ್ತದೆ. ಎರಡು ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರ್ ಸುಡಬಹುದು. ಕಂಡೆನ್ಸರ್ ಹೊಸದು ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ಸೆಟ್‌ಗಳ ಒಳಗೆ 250ರಿಂದ 400 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ ಚಾರ್ಜ್ ನಿಂತಿರುತ್ತದೆ. 10 ಕಿಲೊ ಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಪ್ರತಿ ಸಲ ಕೈ ಹಾಕುವ ಮುಂಚೆ ಕಂಡೆನ್ಸರ್‌ನ ಎರಡು ತುದಿಗೆ ಕೆಲವು ಸೆಕೆಂಡ್ ಹಿಡಿಯಿರಿ, ಆಮೇಲೆ ಮೀಟರ್ ಇಟ್ಟು ಸೊನ್ನೆ ಆಯಿತಾ ನೋಡಿ. ಕರೆಂಟ್ ಇರುವಾಗ ಅಳೆಯುವುದಿದ್ದರೆ ಒಂದು ಕೈ ಬೆನ್ನ ಹಿಂದೆ ಇರಲಿ, ಕಾಲಿಗೆ ಚಪ್ಪಲಿ ಇರಲಿ, ಮನೆಯಲ್ಲಿ ಇನ್ನೊಬ್ಬರು ಇರಲಿ. ಬೆಸುಗೆ ಹಾಕಿ ಅಭ್ಯಾಸ ಇಲ್ಲದವರು ಗುರುತಿಸುವ ಕೆಲಸ ಮಾತ್ರ ಮಾಡಿ, ಉಳಿದದ್ದನ್ನು ಹಳಬ ಮೆಕ್ಯಾನಿಕ್ ಪಕ್ಕ ಕೂತು ಮಾಡಿಸಿ.

ಯಾವ ಜಾತಿಯ ಸೆಟ್?

ಅತ್ತೆಯ ರೇಡಿಯೊದಲ್ಲಿ ಕಂಪನಿಯ ಹೆಸರಿನ ಬಿಲ್ಲೆ ಕಿತ್ತುಹೋಗಿತ್ತು. ಹಿಂದಿನ ರಟ್ಟನ್ನು ಇಲಿ ತಿಂದಿತ್ತು. ಹೆಸರು ಇಲ್ಲದಿದ್ದರೂ ಸೆಟ್ಟಿನ ಜಾತಿ ಹಿಡಿಯಬಹುದು. ವಾಲ್ವಿನ ಮೇಲಿನ ಅಕ್ಷರ, ಅಂಕಿಗಳೇ ಹೇಳುತ್ತವೆ.

ಯುರೋಪಿನ ಕ್ರಮದಲ್ಲಿ ಮೊದಲ ಅಕ್ಷರ ಹೀಟರ್‌ನದ್ದು, ಅಂದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಯದ್ದು. ಇ ಅಂದರೆ 6.3 ವೋಲ್ಟ್. ಎ ಅಂದರೆ 4 ವೋಲ್ಟ್. ಡಿ ಅಂದರೆ 1.4 ವೋಲ್ಟ್, ಅಂದರೆ ಬ್ಯಾಟರಿ ಸೆಟ್. ಯು ಅಂದರೆ 100 ಮಿಲಿಆಂಪ್, ಎಲ್ಲ ಹೀಟರ್‌ಗಳನ್ನು ಮಣಿ ಪೋಣಿಸಿದ ಹಾಗೆ ಸರದಲ್ಲಿ ಜೋಡಿಸಿದ ಸೆಟ್. ಮುಂದಿನ ಅಕ್ಷರಗಳು ಕೆಲಸ ಹೇಳುತ್ತವೆ: ಎಲ್ ಔಟ್‌ಪುಟ್ ವಾಲ್ವ್, ಎಫ್ ಸಿಗ್ನಲ್ ಹಿಗ್ಗಿಸುವ ಪೆಂಟೋಡ್, ಸಿಎಚ್ ಸ್ಟೇಷನ್ ಹಿಡಿಯುವ ಮಿಕ್ಸರ್, ಎಮ್ ಹಸಿರು ಮ್ಯಾಜಿಕ್ ಕಣ್ಣು, ವೈ ಮತ್ತು ಝಡ್ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅಂಕಿಯ ಮೊದಲನೆಯದು ಸಾಕೆಟ್‌ನದ್ದು. 3 ಇದ್ದರೆ ಎಂಟು ಕಾಲಿನ ದಪ್ಪ ಆಕ್ಟಲ್, 4 ಇದ್ದರೆ ರಿಮ್‌ಲಾಕ್, 8 ಇದ್ದರೆ ಒಂಬತ್ತು ಕಾಲಿನ ನೋವಲ್, 9 ಇದ್ದರೆ ಏಳು ಕಾಲಿನ ಪುಟ್ಟದು.

ಅತ್ತೆಯ ಸೆಟ್‌ನಲ್ಲಿ ಇಸಿಎಚ್ 35, ಇಎಫ್ 39, ಇಬಿಸಿ 33 ಇದ್ದವು. ಮೂರೂ ಕೆಂಪು ಲೇಪದ, ತಲೆಯ ಮೇಲೆ ಟೋಪಿ ಇರುವ ಆಕ್ಟಲ್ ವಾಲ್ವ್‌ಗಳು. ನಾಲ್ಕನೆಯದು ಮಾತ್ರ ಇಎಲ್ 84, ಬೆಂಗಳೂರಿನ ಬಿಇಎಲ್ ಮುದ್ರೆ ಇರುವ ತೆಳ್ಳಗಿನ ನೋವಲ್. ಐದನೆಯ ಸಾಕೆಟ್ ಖಾಲಿ. ಇಷ್ಟರಲ್ಲೇ ಅರ್ಧ ಕಥೆ ಸಿಕ್ಕಿತು. ಮೂರರ ಸಾಲಿನ ಸೆಟ್‌ನಲ್ಲಿ ಎಂಟರ ಸಾಲಿನ ವಾಲ್ವ್ ಕಾರ್ಖಾನೆಯಿಂದ ಬರುವುದಿಲ್ಲ. ಆ ಸಾಲಿನ ಔಟ್‌ಪುಟ್ ವಾಲ್ವ್ ಇಎಲ್ 33. ಅದು ಹೋದಾಗ ಯಾರೋ ಇಎಲ್ 84 ಕೂರಿಸಿದ್ದಾರೆ. ಬಿಇಎಲ್ ಶುರುವಾದದ್ದೇ 1954ರಲ್ಲಿ, ರೇಡಿಯೊ ವಾಲ್ವ್ ಅದಕ್ಕೂ ಆಮೇಲೆ. ಹಾಗಾಗಿ ಬದಲಾವಣೆ 1960ರ ದಶಕದಲ್ಲೋ ಅದಕ್ಕೂ ಈಚೆಗೋ ಆಗಿರಬೇಕು.

ಫಿಲಿಪ್ಸ್ ಸೆಟ್ ಆದರೆ ಮಾಡೆಲ್ ನಂಬರಿನ ಕೊನೆಯ ಅಕ್ಷರ ನೋಡಿ. ಎ ಇದ್ದರೆ ಎಸಿ ಮಾತ್ರ, ಬಿ ಇದ್ದರೆ ಬ್ಯಾಟರಿ, ಯು ಇದ್ದರೆ ಎಸಿ-ಡಿಸಿ ಎರಡೂ.

ಈ ಕೊನೆಯ ಜಾತಿಗೆ ಹುಷಾರು. ಯುಸಿಎಚ್, ಯುಎಲ್, ಯುವೈ ವಾಲ್ವ್‌ಗಳ ಸೆಟ್‌ನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ ಕರೆಂಟ್ ನೇರವಾಗಿ ಚಾಸಿಗೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಗೇ, ಬರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿ 230 ವೋಲ್ಟ್. ನಾಬ್ ಒಳಗಿನ ಸ್ಕ್ರೂ ಮುಟ್ಟಿದರೂ ಹೊಡೆಯುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಆ ಸ್ಕ್ರೂ ಗುಂಡಿಗೆ ಮೇಣ ತುಂಬುತ್ತಿದ್ದರು. ಪರೀಕ್ಷೆ ಸುಲಭ. ಪ್ಲಗ್ ಹೊರಗಿಟ್ಟು, ರೇಡಿಯೊ ಸ್ವಿಚ್ ಆನ್ ಮಾಡಿ, ಪ್ಲಗ್‌ನ ಒಂದೊಂದು ಪಿನ್ನಿನಿಂದ ಚಾಸಿಗೆ ಓಮ್ ಅಳೆಯಿರಿ. ಯಾವುದಾದರೂ ಪಿನ್ನಿಗೆ ಕಡಿಮೆ ಓಮ್ ತೋರಿಸಿದರೆ ಅದು "ಬಿಸಿ ಚಾಸಿ", ಅಂದರೆ ಮೇನ್ಸ್‌ಗೆ ನೇರ ಸೇರಿದ ಚಾಸಿ. ಅಂಥ ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಿಚ್ಚಿಟ್ಟು ಕೆಲಸ ಮಾಡಲೇಬೇಡಿ, ಹೊರಗಿನ ಯಾವ ವೈರನ್ನೂ ಅದಕ್ಕೆ ಜೋಡಿಸಬೇಡಿ.

ಯಾರ ಕೈ ಎಲ್ಲಿ ಬಿದ್ದಿದೆ?

ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ಮೇಲಿನಿಂದ, ಕೆಳಗಿನಿಂದ, ಓರೆಯಾಗಿ, ಬೆಳಕು ಬದಲಿಸಿ. ಧೂಳು ಒರೆಸುವ ಮುಂಚೆಯೇ ತೆಗೆಯಿರಿ, ಯಾಕೆಂದರೆ ಧೂಳೂ ಸಾಕ್ಷಿ ಹೇಳುತ್ತದೆ. ಮೊದಲು ಏನೋ ಕೂತಿದ್ದ ಜಾಗದಲ್ಲಿ ದುಂಡಗೆ ಹೊಳೆಯುವ ಗುರುತು ಉಳಿದಿರುತ್ತದೆ.

ಆಮೇಲೆ ಚಾಸಿ ತಲೆಕೆಳಗು ಮಾಡಿ ಬೆಸುಗೆಗಳನ್ನು ನೋಡಿ. ಕಾರ್ಖಾನೆಯ ಬೆಸುಗೆಯಲ್ಲಿ ವೈರನ್ನು ಕೊಂಡಿಗೆ ಒಂದು ಸುತ್ತು ಸುತ್ತಿ ಮೇಲೆ ತೆಳ್ಳಗೆ ಸೀಸ ಹರಿಸಿರುತ್ತಾರೆ. ಆಮೇಲಿನವರ ಬೆಸುಗೆ ದಪ್ಪ, ಪಕ್ಕದಲ್ಲಿ ಕಂದು ಪೇಸ್ಟ್ ಕರಗಿ ಗಟ್ಟಿಯಾಗಿರುತ್ತದೆ. ಹಳೆಯ ವೈರ್ ಒಂಟಿ ಎಳೆ, ರಬ್ಬರ್ ಇಲ್ಲವೇ ಬಟ್ಟೆ ಹೊದಿಕೆ. ಹೊಸದು ಪಿವಿಸಿ, ಒಳಗೆ ಹಲವು ಎಳೆ. ಸಾಕೆಟ್‌ಗಳನ್ನು ಕಾರ್ಖಾನೆಯಲ್ಲಿ ರಿವೆಟ್ ಹೊಡೆದಿರುತ್ತಾರೆ. ನಟ್ಟು-ಬೋಲ್ಟ್ ಕಂಡರೆ ಅದು ಬದಲಾದ ಸಾಕೆಟ್.

ನಮ್ಮ ಸೆಟ್‌ನಲ್ಲಿ ಇಎಲ್ 84 ಕೂತಿದ್ದ ಜಾಗ ನೋಡಿ ನಾನು ಬಹಳ ಹೊತ್ತು ಹಾಗೇ ಕೂತೆ. ಆಕ್ಟಲ್ ತೂತು ದೊಡ್ಡದು, ನೋವಲ್ ಸಾಕೆಟ್ ಚಿಕ್ಕದು. ಆ ಮೆಕ್ಯಾನಿಕ್ ಡಾಲ್ಡಾ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಕೊರೆದು, ಅಂಚು ಉಜ್ಜಿ ನುಣುಪು ಮಾಡಿ, ಎರಡು ಬೋಲ್ಟಿನಲ್ಲಿ ಕೂರಿಸಿದ್ದರು. ತಗಡಿನ ಕೆಳಮುಖದಲ್ಲಿ ಹಳದಿ ಬಣ್ಣ, ತೆಂಗಿನ ಗರಿಯ ಹಾಗೆ ಕಾಣುವ ಹಸಿರು ಚೂರು ಇನ್ನೂ ಉಳಿದಿತ್ತು. ಪಕ್ಕದಲ್ಲೇ ಚಾಸಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿತ್ತು: 12-8-71.

ಅಂದವಾಗಿ ಮಾಡಿದ್ದಾರೆ ಸರಿ, ತಿಳಿದು ಮಾಡಿದ್ದಾರಾ? ಅದನ್ನು ನೋಡಲು, ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕು ಅಂತ ನಿಗದಿ ಮಾಡುವ ಕ್ಯಾಥೋಡ್ ರೆಸಿಸ್ಟರ್ ಹುಡುಕಿದೆ. ಇಎಲ್ 33ಗೆ ಅಲ್ಲಿ 150 ಓಮ್ ಇರಬೇಕು, ವಾಲ್ವಿನಿಂದ ಸ್ಪೀಕರ್‌ಗೆ ದನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 7 ಕಿಲೊ ಓಮ್‌ನದ್ದು. ಇಎಲ್ 84 ಅನ್ನು 7 ಕಿಲೊ ಓಮ್ ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿದರೆ 210 ಓಮ್ ಇರಬೇಕು, ಆಗ ಅದೂ ಇಎಲ್ 33ರ ಹಾಗೇ 36 ಮಿಲಿಆಂಪ್ ಎಳೆಯುತ್ತದೆ. ಅಲ್ಲಿ ಇದ್ದದ್ದು 220. ಅಂಗಡಿಯಲ್ಲಿ ಸಿಗುವುದರಲ್ಲಿ 210ಕ್ಕೆ ಹತ್ತಿರದ್ದು ಅದೇ. ಹೀಟರ್‌ಗೂ ತೊಂದರೆ ಇಲ್ಲ, ಇಎಲ್ 33 0.9 ಆಂಪ್ ಎಳೆದರೆ ಇಎಲ್ 84 0.76. ಹೆಸರು ಗೊತ್ತಿಲ್ಲದ ಆ ಮೆಕ್ಯಾನಿಕ್ ಸುಮ್ನೆ ವಾಲ್ವ್ ತುರುಕಿರಲಿಲ್ಲ. ಲೆಕ್ಕ ನೋಡಿ ಕೂರಿಸಿದ್ದರು. ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನಿಸುವುದು ಹೀಗೆ. ಬದಲಾದ ವಸ್ತು ಒಂದನ್ನೇ ನೋಡಬೇಡಿ. ಅದರ ಸುತ್ತ ಬದಲಾಗಬೇಕಾದದ್ದೂ ಬದಲಾಗಿದೆಯಾ ನೋಡಿ.

ಎರಡನೆಯ ಕೈ ಖಾಲಿ ಸಾಕೆಟ್‌ನಲ್ಲಿ ಸಿಕ್ಕಿತು. ಎಝಡ್ 31 ರೆಕ್ಟಿಫೈಯರ್ ಜಾಗದಲ್ಲಿ ಸಾಕೆಟ್‌ನ ಕೆಳಗೆ ಎರಡು ಬಿವೈ 127 ಡಯೋಡ್ ಬೆಸೆದಿದ್ದರು. ನಮ್ಮ ದೇಶದ ಹಳೆಯ ಸೆಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಡಯೋಡ್ ತಪ್ಪಲ್ಲ, ಆದರೆ ಇಲ್ಲಿ ಬೇರೇನೂ ಬದಲಿಸಿರಲಿಲ್ಲ. ವಾಲ್ವ್ ರೆಕ್ಟಿಫೈಯರ್ ತಾನೇ ಒಂದಿಷ್ಟು ವೋಲ್ಟ್ ತಿನ್ನುತ್ತದೆ. ಡಯೋಡ್ ತಿನ್ನುವುದಿಲ್ಲ. ಸ್ವಿಚ್ ಹಾಕಿದ ಕ್ಷಣವೇ, ಬೇರೆ ವಾಲ್ವ್‌ಗಳು ಕಾಯುವ ಮುಂಚೆಯೇ, ಪೂರ್ತಿ ವೋಲ್ಟೇಜ್ ಏರುತ್ತದೆ. ಟ್ರಾನ್ಸ್‌ಫಾರ್ಮರ್ 275-0-275, ಅಂದರೆ ಒಂದೊಂದು ಡಯೋಡ್‌ಗೆ 275 ವೋಲ್ಟ್ ಕೊಡುವಂಥದ್ದು, ಆದರೆ ಆ ಕ್ಷಣದಲ್ಲಿ 275ರ 1.414 ಪಟ್ಟು, ಅಂದರೆ 389 ವೋಲ್ಟ್. ಹಳೆಯ ಫಿಲ್ಟರ್ ಕಂಡೆನ್ಸರ್ ಮೇಲೆ 350 ವೋಲ್ಟ್ ಅಂತ ಬರೆದಿತ್ತು. ಅದು ಉಬ್ಬಿ ಮೇಣ ಕಾರಿದ್ದು ಯಾಕೆ ಅಂತ ಆಗ ತಿಳಿಯಿತು.

ಕಣ್ಣಿಗೇ ಬೀಳದ ಇನ್ನೊಂದು ಬದಲಾವಣೆ ಇತ್ತು. ಟ್ರಾನ್ಸ್‌ಫಾರ್ಮರ್ ಮೇಲೆ ಮನೆಯ ವೋಲ್ಟೇಜಿಗೆ ತಕ್ಕಂತೆ ಪಿನ್ ಚುಚ್ಚಲು 200, 220, 240 ಅಂತ ಮೂರು ಟ್ಯಾಪ್, ಪಿನ್ ಇದ್ದದ್ದು 200ರಲ್ಲಿ. ಪಂಪ್‌ಸೆಟ್ ಎಲ್ಲ ಒಟ್ಟಿಗೆ ಓಡುವಾಗ ಹಳ್ಳಿಯಲ್ಲಿ ಲೋ ವೋಲ್ಟೇಜ್ ಆಗುತ್ತದಲ್ಲ, ರೇಡಿಯೊ ದನಿ ಸಣ್ಣಗಾಗುತ್ತದೆ ಅಂತ ಮಾವನೇ ಬದಲಿಸಿರಬೇಕು. ಮೈಸೂರಿನ ನನ್ನ ಮನೆಯಲ್ಲಿ ರಾತ್ರಿ 240 ವೋಲ್ಟ್ ಬರುತ್ತದೆ. ಪಿನ್ ಅಲ್ಲೇ ಬಿಟ್ಟಿದ್ದರೆ 6.3ರ ಹೀಟರ್‌ಗೆ 7.5 ವೋಲ್ಟ್ ಹೋಗುತ್ತಿತ್ತು. ವಾಲ್ವ್‌ಗಳ ಆಯಸ್ಸು ಕರಗುವುದು ಹೀಗೆಯೇ. ನಿಮ್ಮ ಸೆಟ್ ಯಾವುದೇ ಆಗಲಿ, ಅತಿ ಹೆಚ್ಚಿನ ಟ್ಯಾಪ್‌ಗೆ ಪಿನ್ ಹಾಕಿ.

ಮೂರನೆಯದು ಹುಡುಗನ ಕೆಲಸ. ಚಾರ್ಜರ್ ಬೋರ್ಡ್, ಬ್ಲೂಟೂತ್ ಬೋರ್ಡ್ ಎರಡನ್ನೂ ಅಂಟು ಹಾಕಿ ಸ್ಪೀಕರ್ ಪಕ್ಕ ಕೂರಿಸಿ, ವೈರನ್ನು ವಾಲ್ಯೂಮ್ ಕಂಟ್ರೋಲ್‌ಗೆ ಬೆಸೆದಿದ್ದ. ಪೆಟ್ಟಿಗೆಯ ಬದಿಯಲ್ಲಿ ಸ್ವಿಚ್‌ಗೆ ತೂತು. ಫ್ಯೂಸ್ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ. ಅದು ಯಾವ ಕಾಲದ್ದೋ, ಯಾರದ್ದೋ.

ಏನು ಉಳಿಸುವುದು, ಏನು ತೆಗೆಯುವುದು

ನನ್ನ ಕ್ರಮ ಇದು. ಜೀವಕ್ಕೆ, ಮನೆಗೆ ಅಪಾಯ ತರುವ ಬದಲಾವಣೆ ಮೊದಲು ಹೋಗಬೇಕು, ಅದರಲ್ಲಿ ಚೌಕಾಸಿ ಇಲ್ಲ. ಬೆಳ್ಳಿ ಕಾಗದ ಕಿತ್ತು 500 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್ ಹಾಕಿದೆ. ಒಣಗಿದ ವೈರ್ ತೆಗೆದು ಮೂರು ಪಿನ್ನಿನ ಹೊಸ ವೈರ್ ಹಾಕಿ ಚಾಸಿಗೆ ಅರ್ತ್ ಕೊಟ್ಟೆ. ಟ್ರಾನ್ಸ್‌ಫಾರ್ಮರ್ ಇರುವ ಎಸಿ ಸೆಟ್‌ಗೆ ಮಾತ್ರ ಹೀಗೆ. ಬಿಸಿ ಚಾಸಿಗೆ ಅರ್ತ್ ಜೋಡಿಸುವ ಹಾಗಿಲ್ಲ.

ಸೆಟ್ಟಿನ ದನಿ ಕೆಡಿಸುವಂಥದ್ದು ಎರಡನೆಯದು. ಬ್ಲೂಟೂತ್‌ನ ಚಾರ್ಜರ್ ಬೋರ್ಡ್ ಮೀಡಿಯಂ ವೇವ್ ತುಂಬಾ ಗುಂಯ್‌ಗುಡಿಸುತ್ತದೆ. ಅದನ್ನು ತೆಗೆದೆ. ಫೋನಿನ ಹಾಡು ಬೇಕೇ ಬೇಕು ಅಂದರೆ ಅದಕ್ಕೆ ದಾರಿ ಹಿಂದೆಯೇ ಇದೆ. ಗ್ರಾಮಫೋನ್‌ಗೆ ಅಂತ ಕೊಟ್ಟ ಎರಡು ಸಾಕೆಟ್‌ಗೆ ಫೋನಿನ ಎಡ-ಬಲ ವೈರ್‌ಗಳನ್ನು ತಲಾ 4.7 ಕಿಲೊ ಓಮ್ ಮೂಲಕ ಒಂದು ಮಾಡಿ ಚುಚ್ಚಿ. ಒಂದು ತೂತೂ ಕೊರೆಯಬೇಕಿಲ್ಲ. ಇದೂ ಎಸಿ ಸೆಟ್‌ಗೆ ಮಾತ್ರ.

ಲೆಕ್ಕ ಸರಿಯಿರುವ ಬದಲಾವಣೆ ಉಳಿಯಲಿ. ಇಎಲ್ 33 ತರಿಸಿ ಹಾಕಬಹುದಿತ್ತು. ಆದರೆ ಡಾಲ್ಡಾ ತಗಡನ್ನು ಕಿತ್ತುಹಾಕಲು ನನಗೆ ಮನಸ್ಸು ಬರಲಿಲ್ಲ. ಆ ರೇಡಿಯೊ ಇಎಲ್ 33 ಜೊತೆ ಹಾಡಿದ್ದಕ್ಕಿಂತ ಹೆಚ್ಚು ವರ್ಷ ಇಎಲ್ 84 ಜೊತೆ ಹಾಡಿದೆ. ಇಎಲ್ 84 ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ ಅನ್ನುವುದೂ ದೊಡ್ಡ ಅನುಕೂಲ.

ಅರ್ಧ ಸರಿ ಇರುವುದನ್ನು ಪೂರ್ತಿ ಮಾಡಿ. ಡಯೋಡ್‌ಗಳನ್ನು ಉಳಿಸಿಕೊಂಡೆ, ಆದರೆ ಅವುಗಳಿಗೂ ಮೊದಲ ಫಿಲ್ಟರ್ ಕಂಡೆನ್ಸರ್‌ಗೂ ನಡುವೆ 470 ಓಮ್, 5 ವ್ಯಾಟ್ ರೆಸಿಸ್ಟರ್ ಹಾಕಿದೆ. ಇಡೀ ಸೆಟ್ ಸುಮಾರು 60 ಮಿಲಿಆಂಪ್ ಎಳೆಯುತ್ತದೆ, ಹಾಗಾಗಿ 28 ವೋಲ್ಟ್ ಅಲ್ಲೇ ಇಳಿಯುತ್ತದೆ. ನಿಮ್ಮದು ಇಝಡ್ 80 ಇರುವ ಸೆಟ್ ಆಗಿದ್ದು ಮತ್ತೆ ವಾಲ್ವೇ ಹಾಕುತ್ತೇನೆ ಅಂದರೆ ಮೊದಲ ಕಂಡೆನ್ಸರ್ 50 ಮೈಕ್ರೊಫ್ಯಾರಡ್ ದಾಟಬಾರದು. ಗುಂಯ್ ಕಡಿಮೆಯಾಗಲಿ ಅಂತ ಯಾರೋ 100 ಹಾಕಿರುತ್ತಾರೆ, ಹೊಸ ವಾಲ್ವ್ ಬೇಗ ಹೋಗುತ್ತದೆ. ತಟ್ಟೆ ಜೋಡಿಸಿದ ಹಾಗೆ ಕಾಣುವ ಸೆಲೆನಿಯಂ ರೆಕ್ಟಿಫೈಯರ್ ಇದ್ದರೆ ಮಾತ್ರ ಯೋಚಿಸದೆ ಬದಲಿಸಿ. ಅದು ಸುಟ್ಟರೆ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ, ಆ ಹೊಗೆ ವಿಷ.

ತಣ್ಣಗಿರುವಾಗಲೇ ಮಾಡುವ ಕೆಲಸ

ಮೊದಲು ಸುರುಳಿಗಳನ್ನು ಅಳೆಯಿರಿ. ಟ್ರಾನ್ಸ್‌ಫಾರ್ಮರ್‌ನ ಮೇನ್ಸ್ ಸುತ್ತು ಹತ್ತಾರು ಓಮ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ದೊಡ್ಡ ಸುತ್ತು ಕೆಲವು ನೂರು ಓಮ್, ಸ್ಪೀಕರ್ ಮೂರು-ನಾಲ್ಕು ಓಮ್ ತೋರಿಸಿದರೆ ಸಮಾಧಾನ. ವಾಲ್ವ್‌ಗಳ ಹೀಟರ್ ತುಂಡಾಗಿಲ್ಲ ಅಂತ ಖಾತ್ರಿ ಮಾಡಿ.

ಆಮೇಲೆ ಪೇಪರ್ ಕಂಡೆನ್ಸರ್‌ಗಳು. ಮೇಣದ್ದು, ಟಾರಿನದ್ದು, ಎಷ್ಟೇ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ. 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಒಂದೇ ಸುತ್ತಿನಲ್ಲಿ ಎಲ್ಲ ಸಿಗುತ್ತದೆ. ಬೆಳ್ಳಿ ಅಭ್ರಕದ ಚಪ್ಪಟೆ ಕಂಡೆನ್ಸರ್‌ಗಳನ್ನು ಮುಟ್ಟಬೇಡಿ, ಅವು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಫಿಲ್ಟರ್ ಕಂಡೆನ್ಸರ್ ಮೂಲದಷ್ಟೇ ಮೈಕ್ರೊಫ್ಯಾರಡ್ ಇರಲಿ, ವೋಲ್ಟೇಜ್ ಮಾತ್ರ 450. ಹಳೆಯ ಅಲ್ಯೂಮಿನಿಯಂ ಡಬ್ಬವನ್ನು ಚಾಸಿಯ ಮೇಲೆ ಹಾಗೇ ಬಿಟ್ಟು, ಅದರ ವೈರ್ ಬಿಚ್ಚಿ, ಹೊಸದನ್ನು ಕೆಳಗೆ ಕೂರಿಸಿದರೆ ನೋಟ ಕೆಡುವುದಿಲ್ಲ. ಮೇನ್ಸ್‌ಗೆ ಅಡ್ಡ ಜೋಡಿಸಿದ ಕಂಡೆನ್ಸರ್‌ಗೆ ಎಕ್ಸ್ 2, ಮೇನ್ಸ್‌ನಿಂದ ಚಾಸಿಗೆ ಹೋಗುವುದಕ್ಕೆ ವೈ 2 ಅಂತ ಮುದ್ರೆ ಇರುವುದನ್ನೇ ಹಾಕಿ.

ಒಂದೊಂದೇ ಬದಲಿಸಿ. ಹತ್ತು ಒಟ್ಟಿಗೆ ಬಿಚ್ಚಿಟ್ಟರೆ ಯಾವುದು ಎಲ್ಲಿಯದು ಅಂತ ತಿಳಿಯುವುದಿಲ್ಲ.

ಈ ಕಂಡೆನ್ಸರ್‌ಗಳಲ್ಲಿ ಒಂದಕ್ಕೆ ವಿಶೇಷ ಗಮನ ಬೇಕು. ಇಬಿಸಿ 33ರ ಆನೋಡ್‌ನಿಂದ (ದನಿ ಹೊರಬರುವ ಕಾಲು) ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ದನಿ ಒಳಹೋಗುವ ಕಾಲು) ದನಿ ದಾಟಿಸುವುದು. ಇಎಲ್ 84ರಲ್ಲಿ ಗ್ರಿಡ್ 2ನೇ ಪಿನ್. ಹಳೆಯದು ಎಷ್ಟು ಸೋರುತ್ತದೆ ಅಂತ ನೋಡಲು ಆಮೇಲೆ ಒಂದು ಸಲ ಅದನ್ನೇ ಹಾಕಿ, ಗ್ರಿಡ್ ಕಡೆಯ ಕಾಲನ್ನು ಬಿಚ್ಚಿ, ಆ ಕಾಲಿನಿಂದ ಚಾಸಿಗೆ ಮೀಟರ್ ಹಿಡಿದೆ. ಒಳ್ಳೆಯ ಕಂಡೆನ್ಸರ್ ಆದರೆ ಮುಳ್ಳು ಒಮ್ಮೆ ಎದ್ದು ಸೊನ್ನೆಗೆ ಬೀಳಬೇಕು. ಇದರಲ್ಲಿ ಆ ಕಡೆ 90 ವೋಲ್ಟ್ ಇದ್ದರೆ ಈ ಕಡೆ 50 ದಾಟಿ ಬಂದು ನಿಂತಿತು. ಇದನ್ನು ಜೋಡಿಸಿ ಓಡಿಸಿದ್ದರೆ ಗ್ರಿಡ್‌ಗೆ ಐದು ವೋಲ್ಟ್ ಪಾಸಿಟಿವ್ ಹೋಗಿ ಇಎಲ್ 84 ಮಿತಿಮೀರಿ ಎಳೆದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ಹೊರಗಿನಿಂದ ನೋಡಿದರೆ ಅದರ ಮೇಣ ಕೂಡ ಬಿರಿದಿರಲಿಲ್ಲ.

ರೆಸಿಸ್ಟರ್‌ಗಳು ವಯಸ್ಸಾದಂತೆ ಓಮ್ ಏರಿಸಿಕೊಳ್ಳುತ್ತವೆ, ಹೆಚ್ಚು ಓಮ್‌ನವು ಜಾಸ್ತಿ. ಮೇಲೆ ಗುರುತಿಸಿದ ಓಮ್‌ಗಿಂತ ಶೇಕಡ 20ಕ್ಕೂ ಹೆಚ್ಚು ಏರಿದ್ದನ್ನು ಬದಲಿಸಿ. ಹಳೆಯವುಗಳಲ್ಲಿ ಬಣ್ಣದ ಪಟ್ಟಿ ಇರುವುದಿಲ್ಲ. ಮೈ ಬಣ್ಣ ಮೊದಲ ಅಂಕಿ, ತುದಿಯ ಬಣ್ಣ ಎರಡನೆಯದು, ನಡುವಿನ ಚುಕ್ಕೆ ಎಷ್ಟು ಸೊನ್ನೆ ಅನ್ನುವುದು. ಹಳದಿ ಮೈ, ನೇರಳೆ ತುದಿ, ಕಿತ್ತಳೆ ಚುಕ್ಕೆ ಅಂದರೆ 47 ಕಿಲೊ ಓಮ್.

ಕೆಂಪು ಲೇಪದ ವಾಲ್ವ್‌ಗಳಲ್ಲಿ ಇನ್ನೊಂದು ನೋಡಬೇಕು. ಆ ಬಣ್ಣದ ಅಡಿಯಲ್ಲಿ ಲೋಹದ ಪದರ ಇದೆ, ಅದು 1ನೇ ಪಿನ್ನಿನ ಮೂಲಕ ಚಾಸಿಗೆ ಸೇರುತ್ತದೆ. ಬುಡದಲ್ಲಿ ಪದರ ಉದುರಿ ಸಂಪರ್ಕ ತಪ್ಪಿದರೆ ರೇಡಿಯೊ ಸಿಳ್ಳೆ ಹಾಕುತ್ತದೆ. ಬುಡಕ್ಕೆ ತೆಳು ತವರದ ತಂತಿ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ 1ನೇ ಪಿನ್ನಿಗೆ ಮುಟ್ಟಿಸಿ.

ಕರೆಂಟ್ ಕೊಡುವ ದಿನ

ಸೀರೀಸ್ ಬಲ್ಬ್ ಇಲ್ಲದೆ ಇದನ್ನು ಮಾಡಬೇಡಿ. ಒಂದು ಹಲಗೆ, ಒಂದು ಹೋಲ್ಡರ್, ಒಂದು ಸಾಕೆಟ್, ಇಷ್ಟೇ. ಬಲ್ಬ್ ಹಳೆಯ ಫಿಲಮೆಂಟಿನದ್ದೇ ಆಗಬೇಕು, ಎಲ್ಇಡಿ ಆಗುವುದಿಲ್ಲ. ರೇಡಿಯೊದ ಕರೆಂಟ್ ಈ ಬಲ್ಬ್ ದಾಟಿಯೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಧಗ್ಗನೆ ಹೊತ್ತಿ ರೇಡಿಯೊವನ್ನು ಕಾಪಾಡುತ್ತದೆ.

ಮೊದಲು ಎಲ್ಲ ವಾಲ್ವ್ ತೆಗೆದು 40 ವ್ಯಾಟ್ ಬಲ್ಬ್ ಜೊತೆ ಹಾಕಿ. ಡಯೋಡ್ ಇರುವ ಸೆಟ್ ಆದರೆ ಅದರ ಒಂದೊಂದು ಕಾಲನ್ನೂ ಬಿಚ್ಚಿಡಿ. ಬಲ್ಬ್ ಕೆಂಪಗೆ ಮಿಣುಕಿದರೆ ಅಥವಾ ಹೊತ್ತದೇ ಇದ್ದರೆ ಟ್ರಾನ್ಸ್‌ಫಾರ್ಮರ್ ಆರೋಗ್ಯವಾಗಿದೆ. ಅರ್ಧ ಗಂಟೆ ಬಿಟ್ಟು ಪ್ಲಗ್ ತೆಗೆದು ಮುಟ್ಟಿ ನೋಡಿ. ಸುಡುವಷ್ಟು ಬಿಸಿ ಆಗಿರಬಾರದು. ಆಮೇಲೆ ಡಯೋಡ್ ಜೋಡಿಸಿ, ವಾಲ್ವ್ ಹಾಕಿ, 100 ವ್ಯಾಟ್ ಬಲ್ಬಿಗೆ ಬನ್ನಿ. ಬಲ್ಬ್ ಒಮ್ಮೆ ಬೆಳಗಿ ನಿಧಾನಕ್ಕೆ ಮಂಕಾಗಬೇಕು. ಮಂಕಾಗದಿದ್ದರೆ ಆರಿಸಿ ಹುಡುಕಿ.

ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಬಲ್ಬ್ ತೆಗೆದು ನೇರ ಕರೆಂಟಿನಲ್ಲಿ ಅಳೆಯಿರಿ. ಹೀಟರ್ 6.3ರ ಆಸುಪಾಸು. ಇಎಲ್ 84ರ 2ನೇ ಪಿನ್ ಸೊನ್ನೆ. 3ನೇ ಪಿನ್, ಅಂದರೆ ಕ್ಯಾಥೋಡ್, ನನ್ನ 220 ಓಮ್ ಜೊತೆ 8.5 ವೋಲ್ಟ್ ಬಂತು. ಎಂಟೂವರೆಯನ್ನು 220ರಿಂದ ಭಾಗಿಸಿದರೆ 39 ಮಿಲಿಆಂಪ್, ಆನೋಡ್‌ನ 36ಕ್ಕೆ ಸ್ಕ್ರೀನಿನ (ವಾಲ್ವಿನ ಎರಡನೆಯ ಗ್ರಿಡ್) ಮೂರು-ನಾಲ್ಕು ಸೇರಿದ್ದು. 1971ರ ಲೆಕ್ಕ ಇವತ್ತಿಗೂ ತಾಳೆ ಆಯಿತು.

ಸ್ಪೀಕರ್ ಸಣ್ಣಗೆ ಗುಂಯ್ ಅಂದರೆ ಜೀವ ಇದೆ ಅಂತ. ಗ್ರಾಮಫೋನ್ ಸಾಕೆಟ್‌ಗೆ ಹಾಡು ಕೊಟ್ಟು ನೋಡಿ. ಅಲ್ಲಿ ಚೆನ್ನಾಗಿ ಬಂದು ಸ್ಟೇಷನ್ ಬರದಿದ್ದರೆ ತೊಂದರೆ ಮೊದಲ ಎರಡು ವಾಲ್ವ್‌ಗಳ, ಅಂದರೆ ಇಸಿಎಚ್ 35, ಇಎಫ್ 39ರ ಕಡೆ ಇದೆ. ಬ್ಯಾಂಡ್ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ಹತ್ತು ಸಲ ತಿರುಗಿಸಿ. ಅರ್ಧ ಕಾಯಿಲೆ ಅದರಲ್ಲೇ ವಾಸಿಯಾಗುತ್ತದೆ.

ಐಎಫ್ ಡಬ್ಬಗಳ (ಸಿಗ್ನಲನ್ನು ಒಂದೇ ನಿಗದಿತ ಫ್ರೀಕ್ವೆನ್ಸಿಯಲ್ಲಿ ಸೋಸುವ ಸುರುಳಿಗಳ ಡಬ್ಬ) ಸ್ಕ್ರೂ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಮೇಲಿನ ಮೇಣ ಒಡೆಯದೆ ಇದ್ದರೆ ಯಾರೂ ಮುಟ್ಟಿಲ್ಲ ಅಂತ ಅರ್ಥ, ನೀವೂ ಮುಟ್ಟಬೇಡಿ. ಮೇಣ ಒಡೆದಿದ್ದರೆ ಮಾತ್ರ, ಸಿಗ್ನಲ್ ಜನರೇಟರ್ ಸಿಕ್ಕಾಗ, ಪ್ಲಾಸ್ಟಿಕ್ ಚಾಲಕದಲ್ಲಿ, ಆ ಸೆಟ್ಟಿನ ಸರ್ಕ್ಯೂಟಿನಲ್ಲಿ ಬರೆದ ಸಂಖ್ಯೆಗೆ ಕೂರಿಸಿ. ಕೆಲವು ಸೆಟ್‌ಗಳದ್ದು 452 ಕಿಲೊಹರ್ಟ್ಸ್, ಕೆಲವದ್ದು 455, ಇನ್ನು ಕೆಲವದ್ದು 465, 470. ಅಂದಾಜಿಗೆ ಮಾಡುವ ಕೆಲಸ ಇದಲ್ಲ.

ಏರಿಯಲ್, ಸ್ಟೇಷನ್

1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ ಊರು ನಮ್ಮ ಮೈಸೂರು. ಆಕಾಶವಾಣಿ ಅನ್ನುವ ಹೆಸರು ಆ ನಿಲಯದ್ದು. ಈಗ ಮೈಸೂರು ಆಕಾಶವಾಣಿ 100.6 ಎಫ್ಎಂನಲ್ಲಿದೆ. ಎಫ್ಎಂ ಬ್ಯಾಂಡ್ ಇಲ್ಲದ ಹಳೆಯ ಸೆಟ್‌ಗೆ ಅದು ಸಿಗುವುದಿಲ್ಲ. ರಿಪೇರಿ ಸರಿಯಾಗಿಲ್ಲ ಅಂತ ಇದರಿಂದ ತಿಳಿಯಬೇಡಿ. ಮೀಡಿಯಂ ವೇವ್‌ನಲ್ಲಿ ಬೆಂಗಳೂರಿನ 612 ಹುಡುಕಿ. ಡಯಲ್‌ನಲ್ಲಿ ಮೀಟರ್ ಲೆಕ್ಕ ಇದ್ದರೆ 490ರ ಹತ್ತಿರ. ಅದು ಸರಿಯಾಗಿ 490ರಲ್ಲೇ ಸಿಕ್ಕಿದರೆ ಡಯಲ್ ದಾರ, ಮುಳ್ಳು ಸರಿಯಾಗಿ ಕೂತಿವೆ ಅಂತಲೂ ಗೊತ್ತಾಗುತ್ತದೆ.

ಹಿಂದೆ ಹಜಾರದ ಒಂದು ಗೋಡೆಯಿಂದ ಇನ್ನೊಂದಕ್ಕೆ ತಾಮ್ರದ ಜಾಲರಿ ಪಟ್ಟಿ ಕಟ್ಟಿರುತ್ತಿದ್ದರು, ನೆನಪಿದೆಯಾ? ಅದು ಸಿಕ್ಕರೆ ಅದನ್ನೇ ಕಟ್ಟಿ. ಇಲ್ಲದಿದ್ದರೆ ತಾರಸಿಯ ಮೇಲೆ ಹತ್ತು-ಹದಿನೈದು ಮೀಟರ್ ವೈರ್, ಕರೆಂಟ್ ತಂತಿಗಳಿಂದ ದೂರ. ಮಳೆ, ಗುಡುಗು ಇದ್ದರೆ ಬಿಚ್ಚಿಡಿ. ಎಲ್ಇಡಿ ಬಲ್ಬ್, ಯುಪಿಎಸ್ ಆರಿಸಿ ಕೇಳಿ ನೋಡಿ, ವ್ಯತ್ಯಾಸ ತಾನಾಗೇ ತಿಳಿಯುತ್ತದೆ.

ಗಾಜು, ಪೆಟ್ಟಿಗೆ

ಡಯಲ್ ಗಾಜಿನ ಹಿಂಬದಿಗೆ ಒದ್ದೆ ಬಟ್ಟೆ ತಾಗಿಸಬೇಡಿ. ಊರುಗಳ ಹೆಸರು ಅಚ್ಚಾಗಿರುವುದು ಆ ಬದಿಯಲ್ಲೇ. ನಾನು ಮೊದಲು ರಿಪೇರಿ ಮಾಡಿದ ರೇಡಿಯೊದಲ್ಲಿ ಹೀಗೆ ಒರೆಸಿ ಕೊಲಂಬೊ, ಡೆಲ್ಲಿ ಎರಡನ್ನೂ ಬಟ್ಟೆಗೆ ಬರಿಸಿಕೊಂಡೆ. ಇವತ್ತಿಗೂ ಆ ಗಾಜು ನೋಡಿದರೆ ಸಂಕಟ ಆಗುತ್ತದೆ. ಹಿಂಬದಿಗೆ ಮೃದುವಾದ ಒಣ ಬ್ರಷ್, ಮುಂಬದಿಗೆ ಮಾತ್ರ ಒದ್ದೆ ಬಟ್ಟೆ.

ಪೆಟ್ಟಿಗೆಯನ್ನು ಸ್ಯಾಂಡ್‌ಪೇಪರ್ ಹಾಕಿ ಬೋಳಿಸಬೇಡಿ. ಮೇಲಿನ ಮರದ ಪದರ ಕಾಗದದಷ್ಟು ತೆಳು. ಸ್ಪಿರಿಟ್‌ನಲ್ಲಿ ನೆನೆಸಿದ ಅರಗಿನ ಪಾಲಿಶ್ ಅನ್ನು ಹತ್ತಿಬಟ್ಟೆಯ ಉಂಡೆಯಲ್ಲಿ ತೆಳ್ಳಗೆ, ದಿನಕ್ಕೆ ಎರಡು-ಮೂರು ಪದರ ಎಳೆದರೆ ಹಳೆಯ ಹೊಳಪು ಹಿಂದಿರುಗುತ್ತದೆ. ಮೈಸೂರಿನಲ್ಲಿ ಬೀಟೆ ಮರದ ಕೆತ್ತನೆ, ಕೂರಣೆ ಕೆಲಸ ಮಾಡುವವರು ಇದ್ದಾರಲ್ಲ, ನಾನು ಅಂಥವರೊಬ್ಬರ ಹತ್ತಿರ ಬೆರಳಗಲ ಮರದ ಚೂರು ಕೇಳಿ ತಂದೆ. ಹುಡುಗ ಕೊರೆದಿದ್ದ ತೂತು ಅದರಿಂದ ಮುಚ್ಚಿತು. ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುತ್ತದೆ.

ಹಿಂದಿನ ಮುಚ್ಚಳ ಹಾಕುವ ಮುಂಚೆ ಇನ್ನೊಂದು ಕೆಲಸ. ತೆಗೆದ ಭಾಗಗಳನ್ನೆಲ್ಲ, ಡಯೋಡ್ ಸಾಕೆಟ್‌ನ ಹಳೆಯ ವೈರ್ ತುಂಡೂ ಸೇರಿ, ಬಟ್ಟೆ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ. ಏನೇನು ಬದಲಿಸಿದಿರಿ, ಎಷ್ಟು ಓಮ್, ಎಷ್ಟು ಮೈಕ್ರೊಫ್ಯಾರಡ್, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಬಂತು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಒಳಗೆ ಅಂಟಿಸಿ. ನನ್ನ ಚೀಟಿಯ ಮೊದಲ ಸಾಲು: "ಇಎಲ್ 84, 220 ಓಮ್, ತಗಡಿನ ಪಟ್ಟಿ: 12-8-71ರ ಕೆಲಸ. ಸರಿಯಾಗಿದೆ, ತೆಗೆಯಬೇಡಿ."